ಐದು ಮನೆಯ ಎಳನೀರು

ಚಿತ್ರದುರ್ಗ
12-1-1974

ಬಾಗೂರು ಹಟ್ಟಿಯ ಕಾಟಲಿಂಗಪ್ಪನವರಿಗೆ,

ಈ ಕಾಗದ ಬರೆಯುತ್ತಿರುವವಳು ಆಸ್ಪತ್ರೆಯ ದಾದಿ ನಾಗಕ್ಕ. ನಿಮ್ಮ ಮಗಳು ಎಂದು ಬರೆಯಲು ಕೈ ಬರುತ್ತಿಲ್ಲ. ಮೂರು ವರ್ಷದ ಹಿಂದೆ, ಮಾರಣ್ಣ ಮಾವನ ಮಗ ಗೊಲ್ಲಪ್ಪನನ್ನು ಕಟ್ಟಿಕೊಳ್ಳುವುದಿಲ್ಲ, ದಾದಿ ಕೆಲಸ ಕಲಿಯುತ್ತೇನೆ ಎಂದದ್ದಕ್ಕೆ ಕುರಿ ಕಾಯುವ ದೊಣ್ಣೆಯಲ್ಲಿ ಮುರಿದಿರಲ್ಲ, ಅದೇ ಕೈ. ಸೊಟ್ಟಗೆ ಕೂಡಿಕೊಂಡಿದೆ. ಸೂಜಿ ಚುಚ್ಚುವುದಕ್ಕೆ ಸಾಕು, ಹೆಚ್ಚು ಬರೆದರೆ ನೋಯುತ್ತದೆ.

ಹೋದ ವಾರ ಊದಿದ ಕಾಲು ಎಳೆದುಕೊಂಡು ಅವ್ವನ ಜೊತೆ ನಮ್ಮ ವಾರ್ಡಿಗೇ ಬಂದಿರಿ. ರಕ್ತ ತೆಗೆಯಲು ನಾನು ತೋಳು ಹಿಡಿದಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿರಿ. ಮೂರನೇ ದಿನ ಉಪ್ಪಿಲ್ಲದ ಅನ್ನ ಕೊಟ್ಟರೆಂದು ತಟ್ಟೆ ಬೀಸಿ, ತಡೆಯಲು ಬಂದ ಆಳಿನ ಎದೆಗೆ ಒದ್ದು, ಹೇಳದೆ ಕೇಳದೆ ಹೊರಟುಹೋದಿರಿ. ಗೋಡೆಗೆ ಅಂಟಿದ ಆ ಅಗುಳನ್ನು ಕೆರೆದು ತೆಗೆದವಳು ನಾನು.

ದೊಡ್ಡ ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಳ್ಳಲು ನೀವಿರಲಿಲ್ಲ. ಎರಡೂ ಮೂತ್ರಪಿಂಡ ಒಣಗುತ್ತಿವೆ. ರಕ್ತದಲ್ಲಿ ಯೂರಿಯಾ ಏರಿದೆ. ಇದಕ್ಕೆ ಮಾತ್ರೆ ಇಲ್ಲ, ರಕ್ತ ತೊಳೆಯುವ ಯಂತ್ರ ಇರುವುದು ದೂರದ ದೊಡ್ಡ ಊರುಗಳಲ್ಲಿ, ಅದು ನಮ್ಮಂಥವರ ಕೈಗೆ ಸಿಗುವುದಲ್ಲ. ಉಳಿದಿರುವುದು ಊಟ ಒಂದೇ. ಬಾಡು, ಮೊಟ್ಟೆ ಪೂರ್ತಿ ಬಿಡಬೇಕು. ಹಾಲು ಮಜ್ಜಿಗೆ ದಿನಕ್ಕೆ ಅರ್ಧ ಲೋಟ. ಹುರುಳಿ ಸಾರು ಬೇಡ, ಬೇಳೆ ಅಂದರೆ ಬೊಗಸೆಯಲ್ಲ, ಒಂದು ಚಮಚ. ಇವೆಲ್ಲ ಮೈಯಲ್ಲಿ ಕರಗಿದ ಮೇಲೆ ಉಳಿಯುವ ಕೊಳೆಯನ್ನು ತೊಳೆಯುವ ಶಕ್ತಿ ನಿಮ್ಮ ಮೂತ್ರಪಿಂಡಕ್ಕೆ ಇಲ್ಲ. ಅನ್ನ, ಸಬ್ಬಕ್ಕಿ ಗಂಜಿ, ಸೋರೆ, ಪಡವಲ, ಬೂದುಗುಂಬಳ ತಿನ್ನಬಹುದು. ತರಕಾರಿಯನ್ನು ಹೆಚ್ಚಿ ನೀರಲ್ಲಿ ನೆನೆಹಾಕಿ, ಬೇಯಿಸಿ, ಆ ಎರಡೂ ನೀರನ್ನು ಚೆಲ್ಲಬೇಕು. ಉಪ್ಪು, ಉಪ್ಪಿನಕಾಯಿ ಮುಟ್ಟಬಾರದು. ಹೀಗಿದ್ದರೆ ವರ್ಷಗಟ್ಟಲೆ ಬದುಕುತ್ತೀರಿ. ಇಲ್ಲದಿದ್ದರೆ ಮುಂದಿನ ದೀಪಾವಳಿ ಕಾಣುವುದಿಲ್ಲ.

ಇನ್ನೊಂದು ಮಾತು. ಉಪ್ಪಿಲ್ಲ ಎಂದು ಅವ್ವನ ಮೇಲೆ ಕೈ ಮಾಡಿದ್ದು ನನ್ನ ಕಿವಿಗೆ ಬಿದ್ದರೆ ಪೊಲೀಸರ ಜೊತೆಯಲ್ಲೇ ಬರುತ್ತೇನೆ. ಜೈಲು ನಿಮಗೆ ಹೊಸದಲ್ಲ.

ಸೊಟ್ಟ ಕೈಯ
ನಾಗಕ್ಕ


ಬಾಗೂರು ಹಟ್ಟಿ
2-2-1974

ನಾಗಿಗೆ ಅಪ್ಪ ಬರೆಯುವುದು,

ನೀವು, ತಾವು ಎಂದು ಬರೆದಿದ್ದೀಯ. ನಾನೇನು ನಿನಗೆ ಅಮಲ್ದಾರನೇ? ಹುಲ್ಲುಗಾವಲಿನ ಜಗಳದಲ್ಲಿ ಒಬ್ಬನ ದವಡೆ ಮುರಿದು ಎರಡು ವರ್ಷ ಜೈಲಿನಲ್ಲಿ ಕೂತಾಗ ಈ ಅಕ್ಷರ ಕಲಿತೆ. ಕಲಿತದ್ದರಿಂದಲೇ ಹಟ್ಟಿಯವರೆಲ್ಲ ನಗುತ್ತಿದ್ದರೂ ಹೆಣ್ಣುಮಗಳನ್ನು ಶಾಲೆಗೆ ಹಾಕಿದೆ. ಈಗ ನೀನು ಅದೇ ಅಕ್ಷರದಲ್ಲಿ ನನಗೆ ಜೈಲು ತೋರಿಸುತ್ತೀಯ. ಭೇಷ್.

ಹೊಲಕ್ಕೆ ಎರಚುವ ಯೂರಿಯಾ ನನ್ನ ರಕ್ತಕ್ಕೆ ಹೇಗೆ ಬಂತು ಎಂದು ನಿನ್ನ ಡಾಕ್ಟರನ್ನು ಕೇಳು. ಮೂತ್ರಪಿಂಡ ಎಂದರೆ ಏನೆಂದು ನನಗೆ ಹೇಳಿಕೊಡಬೇಡ. ಸಾವಿರ ಕುರಿ ಸೀಳಿದ್ದೇನೆ. ಬೆನ್ನೆಲುಬಿನ ಎರಡೂ ಬದಿ ಕೊಬ್ಬು ಹೊದ್ದು ಮಲಗಿರುವ ಆ ಗುಂಡುಗಳು ಹಟ್ಟಿಯಲ್ಲಿ ಕತ್ತಿ ಹಿಡಿದವನ ಪಾಲು. ಕೆಂಡದ ಮೇಲೆ ಸುಟ್ಟು ಮೂವತ್ತು ವರ್ಷ ತಿಂದಿದ್ದೇನೆ. ಈಗ ನನ್ನವೇ ಒಣಗಿವೆ ಎನ್ನುತ್ತೀಯ. ತಿಂದ ಕುರಿಗಳೆಲ್ಲ ಒಟ್ಟಿಗೆ ಸೇಡು ತೀರಿಸಿಕೊಂಡ ಹಾಗಾಯಿತು.

ಮುಚ್ಚಿಡುವುದು ನನ್ನ ಜಾಯಮಾನವಲ್ಲ. ನಿನ್ನ ಅವ್ವನಿಗೆ ಹೊಡೆದೆ. ಸೋರೆಕಾಯಿ ಸಪ್ಪೆ ಬೇಯಿಸಿ ತಂದಿಟ್ಟಳು. "ಉಪ್ಪು ಎಲ್ಲೇ?" ಎಂದೆ. "ನಿನ್ ಮಗಳು ಬ್ಯಾಡ ಅಂದವ್ಳೆ" ಎಂದಳು. ಗಂಗಳ ಎಸೆದೆ, ಹುಬ್ಬು ಸೀಳಿತು. ರಕ್ತ ಒರೆಸಿಕೊಂಡು ಮತ್ತೆ ಅದೇ ಸೋರೆಕಾಯಿಯನ್ನು ಬೇರೆ ಗಂಗಳದಲ್ಲಿ ತಂದಿಟ್ಟಳು. "ಇನ್ನೂ ಆರು ಗಂಗಳ ಅವೆ, ಎಷ್ಟಾರ ಎಸಿ" ಎಂದಳು. ಪೊಲೀಸರನ್ನು ಕಳಿಸುವುದಾದರೆ ಕಳಿಸು.

ರೋಗದ ಸುದ್ದಿ ಹಟ್ಟಿಯಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗಬಾರದು. ಹಬ್ಬದ ಕುರಿ ಕಡಿದು ಮನೆಮನೆಗೆ ಪಾಲು ಹಾಕುವ ಕತ್ತಿಯನ್ನು ಹಟ್ಟಿ ರೋಗಿಷ್ಟನ ಕೈಯಲ್ಲಿ ಉಳಿಸುವುದಿಲ್ಲ. ಹೋದ ಸೋಮವಾರ ಒಂದು ಮದುವೆಯಲ್ಲಿ ಬಾಡು ಉಂಡೆ. ಮೂರು ದಿನ ಹಿತ್ತಲಲ್ಲಿ ಕಕ್ಕಿದೆ. ಬಾಯಿಯೆಲ್ಲ ಉಚ್ಚೆಯ ವಾಸನೆ.

ಬೂದುಗುಂಬಳದ ನೀರು ಬಸಿದ ಮೇಲೆ ಒಗ್ಗರಣೆಗೆ ಬೆಳ್ಳುಳ್ಳಿ ಹಾಕಬಹುದೋ ಹೇಗೆ? ನಿನ್ನ ಅವ್ವ ಕೇಳುತ್ತಿದ್ದಾಳೆ. ನಾನಲ್ಲ.

ಕಾಟಲಿಂಗಪ್ಪ


ಚಿತ್ರದುರ್ಗ
15-2-1974

ಅಪ್ಪನಿಗೆ,

ಅಮಲ್ದಾರರನ್ನು ಕೆಳಗಿಳಿಸಿದ್ದೇನೆ, ಸಮಾಧಾನವೇ?

ಅವ್ವನ ಹುಬ್ಬಿನ ಸುದ್ದಿ ಓದಿ ಕಾಗದವನ್ನು ಒಲೆಗೆ ಹಾಕಲು ಎದ್ದೆ. ನಮ್ಮ ಆಸ್ಪತ್ರೆಯ ಅಡುಗೆಯ ಏಕಾಂತಮ್ಮ ಕಿತ್ತುಕೊಂಡು ಪೂರ್ತಿ ಓದಿದರು. ಜನ್ಮದಲ್ಲಿ ಮೊಟ್ಟೆ ಮುಟ್ಟದ ಹೆಂಗಸು. "ಕೊನೇ ಸಾಲು ಓದಿದ್ಯೇನೇ ಹುಚ್ಚಿ? ನಿಮ್ಮಪ್ಪ ಬೆಳ್ಳುಳ್ಳಿ ಕೇಳ್ತಾವ್ನೆ. ಬೆಳ್ಳುಳ್ಳಿ ಕೇಳೋನು ಬದುಕ್ತಾನೆ ಬಿಡು" ಎಂದರು. ಅದಕ್ಕೇ ಈ ಉತ್ತರ.

ಬೆಳ್ಳುಳ್ಳಿ ಹಾಕಬಹುದು. ಜೀರಿಗೆ, ಮೆಣಸು, ಕರಿಬೇವು, ಇಂಗು ಎಲ್ಲ ಆಗುತ್ತದೆ. ಎಣ್ಣೆಗೆ, ತುಪ್ಪಕ್ಕೆ ಜಿಪುಣತನ ಬೇಡ. ಬಾಡು ಬಿಟ್ಟವನ ಮೈಗೆ ಕಸುವು ಅದರಿಂದಲೇ ಬರಬೇಕು. ಏಕಾಂತಮ್ಮ ಹೇಳುವಂತೆ ಒಗ್ಗರಣೆ ಸ್ವಲ್ಪ ಕಪ್ಪಗಾಗುವವರೆಗೆ ಬಿಟ್ಟು, ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆ ಹಿಂಡಿದರೆ ನಾಲಿಗೆ ಉಪ್ಪನ್ನು ಅಷ್ಟಾಗಿ ಕೇಳುವುದಿಲ್ಲ. ಮುದ್ದೆ ಒಂದು ಹೊತ್ತು, ಅರ್ಧ ಮಾತ್ರ. ಇನ್ನೊಂದು ಹೊತ್ತು ಅನ್ನ.

ನಿನ್ನದೇ ಕಾಯಿಲೆಯವನೊಬ್ಬ ಹೊಳಲ್ಕೆರೆ ಕಡೆಯಿಂದ ಬಂದಿದ್ದ. ವಾರ್ಡಿಗೆ ಬೀಗರು ಕದ್ದು ಕೋಳಿ ಸಾರು ತಂದರು, ಪಾಪ, ಪ್ರೀತಿಯಿಂದಲೇ. ನಾಲ್ಕನೇ ದಿನ ಸೆಟೆದು ನಡುಗಿ ನಾಲಿಗೆ ಕಚ್ಚಿಕೊಂಡು ನನ್ನ ಕೈಯಲ್ಲೇ ಸತ್ತ. ದಿಂಬೆಲ್ಲ ರಕ್ತ. ಆಗ ನಿನ್ನ ಮುಖವೇ ಕಂಡಿತು ನನಗೆ. ನೀನು ಸಾಯಬೇಕು ಎಂದು ಮೂರು ವರ್ಷ ಬಯಸಿದವಳು ನಾನು. ಆದರೆ ಹಾಗೆ ಸಾಯುವುದು ಬೇಡ.

ಯುಗಾದಿ ಬರುತ್ತಿದೆ. ಮಾರನೇ ದಿನ ವರ್ಷತೊಡಕು. ನೀನು ಕುರಿ ಕಡಿದು ಪಾಲಿನ ಗುಡ್ಡೆ ಹಾಕಬೇಕು, ಮಾವ ಹಿರಿಯೂರಿನಿಂದ ಬಂದು ನಿನ್ನ ಪಕ್ಕ ಕೂತು ಉಣ್ಣಬೇಕು. ಅವತ್ತು ಪಾಲು ಒಲ್ಲೆ ಎಂದರೆ ವರ್ಷವಿಡೀ ನೆಂಟಸ್ತನ ಒಲ್ಲೆ ಎಂದ ಹಾಗೆ, ಇದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಮೊದಲೇ ನನ್ನಿಂದ ಮಾವನಿಗೆ ಒಂದು ಗಾಯವಾಗಿದೆ. ಅದಕ್ಕೇ ಕೈ ಮುಗಿದು ಹೇಳುತ್ತೇನೆ, ಮಾವನಿಗೆ ಮೊದಲೇ ಹೇಳಿಕಳಿಸು. "ನನಗೆ ಹಿಂಗಾಗೈತೆ, ಬಾಡು ಆಗಲ್ಲ" ಎಂದು ಒಂದೇ ಮಾತು.

ನಾಗಕ್ಕ


ಬಾಗೂರು ಹಟ್ಟಿ
29-3-1974

ನಾಗಿ,

ಆ ಒಂದು ಮಾತು ನಾನು ಹೇಳಲಿಲ್ಲ. ಹೇಳಿದ್ದರೆ ಕತ್ತಿ ಹೋಗುತ್ತಿತ್ತು. ಹೇಗೋ ನಾಲ್ಕು ತುಂಡನ್ನು ಎಲೆಯಡಿ ಸರಿಸಿ ಪಾರಾಗುತ್ತೇನೆ ಎಂದುಕೊಂಡಿದ್ದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಬಲ ಹೆಗಲು ಮುರಿದಿದೆ.

ವರ್ಷತೊಡಕಿನ ದಿನ ಆರು ಕುರಿ ಕಡಿದೆ. ಮುತ್ತುಗದೆಲೆ ಹಾಸಿ ನಲವತ್ತೊಂದು ಗುಡ್ಡೆ ಹಾಕಿದೆ, ಒಂದು ಚೂರು ಹೆಚ್ಚು ಕಡಿಮೆ ಇಲ್ಲ. ಮಾರಣ್ಣ ಮಗನನ್ನೂ ತಮ್ಮಂದಿರನ್ನೂ ಕರೆದುಕೊಂಡು ಬಂದಿದ್ದ. ನನ್ನ ಪಾಲಿನ ಎರಡು ಗುಂಡನ್ನು ತಾನೇ ಕೆಂಡದಲ್ಲಿ ಸುಟ್ಟು ತಂದು, ಎಲ್ಲರ ಮುಂದೆ ನನ್ನ ಬಾಯಿಗೆ ಹಿಡಿದ.

"ತಿನ್ನು ಬಾವ. ಮಗಳ ವಿಷ್ಯ ಮರೆತುಬಿಡಾಣ" ಎಂದ.

ಅಷ್ಟು ಒಳ್ಳೆಯ ಮಾತನ್ನು ಅವನು ಆಡದೆ ಇದ್ದಿದ್ದರೆ ಚೆನ್ನಾಗಿತ್ತು. ನಾನು ತಲೆ ಪಕ್ಕಕ್ಕೆ ತಿರುಗಿಸಿದೆ. ಅವನು ನಕ್ಕು ತುಟಿಯೊಳಕ್ಕೆ ಒತ್ತಿದ. ಆ ವಾಸನೆಗೇ ಹೊಟ್ಟೆ ತೊಳೆಸಿ ಬಂತು. ಉಗುಳಿಬಿಟ್ಟೆ. ಅದು ಅವನ ಕಾಲಿನ ಮೇಲೆ ಬಿತ್ತು.

"ನಿನ್ ಮಗಳು ನನ್ನ ಮಗನ್ನ ಒಲ್ಲೆ ಅಂದ್ಲು. ನೀನು ನನ್ನ ಕೈ ತುತ್ತು ಉಗುಳ್ತೀಯ. ನಾವೇನು ನಾಯಿಗಳೇನಲೇ?" ಎಂದು ಮಾರಣ್ಣ ಕೂಗಿದ. ಗೊಲ್ಲಪ್ಪ ಎದ್ದು ಬಂದು ನಾನು ಹಾಕಿದ ಗುಡ್ಡೆಗಳನ್ನು ಕಾಲಿನಿಂದ ಒದ್ದು ಚೆಲ್ಲಾಡಿದ. ದೇವರ ಹೆಸರಲ್ಲಿ ಕಡಿದ ಬಾಡು ಮಣ್ಣುಪಾಲಾಯಿತು. ನನ್ನ ಎದೆಪಟ್ಟಿ ಹಿಡಿಯಲು ಅವನು ಕೈ ಚಾಚಿದ. ಕತ್ತಿ ಇನ್ನೂ ನನ್ನ ಕೈಯಲ್ಲೇ ಇತ್ತು. ಬೀಸಿದೆ.

ನಾಲ್ಕು ಬೆರಳು, ನಾಗಿ. ಬಾಡಿನ ಗುಡ್ಡೆಯ ಮೇಲೆ ಬಿದ್ದವು. ಯಾವುದು ಕುರಿಯದು, ಯಾವುದು ಮನುಷ್ಯನದು ಎಂದು ಹುಡುಕಲು ನಿನ್ನ ಅವ್ವ ಮಂಡಿಯೂರಿ ಕೂತಳು. ಅವನು ಅವಳ ಸ್ವಂತ ಅಣ್ಣನ ಮಗ. ಅಷ್ಟರಲ್ಲಿ ಮಾರಣ್ಣನ ಕೊಡಲಿಯ ಹಿಂಬದಿ ನನ್ನ ಹೆಗಲಿಗೆ ಬಿತ್ತು. ಆಮೇಲೆ ಯಾರು ಯಾರಿಗೆ ಹೊಡೆದರೋ ಗೊತ್ತಿಲ್ಲ. ಹಟ್ಟಿಯ ನಾಯಿಗಳಿಗೆ ಮಾತ್ರ ಹೊಟ್ಟೆ ತುಂಬಾ ಹಬ್ಬ.

ನಾನು ಬಾಡು ತಿನ್ನಲಿಲ್ಲ. ನೀನು ಹೇಳಿದ್ದನ್ನು ಅಷ್ಟರಮಟ್ಟಿಗೆ ಪಾಲಿಸಿದೆ.

ಅಪ್ಪ


ಚಿತ್ರದುರ್ಗ
9-4-1974

ಅಪ್ಪ,

ಗೊಲ್ಲಪ್ಪ ಬಾವನನ್ನು ಎಲ್ಲಿಗೆ ತಂದರು ಎಂದು ನೀನು ಕೇಳಲಿಲ್ಲ. ನನ್ನ ವಾರ್ಡಿಗೇ ತಂದರು. ಲಾರಿಯ ಹಿಂದೆ ತೆಂಗಿನಕಾಯಿ ಚೀಲಗಳ ಮೇಲೆ ಮಲಗಿಸಿಕೊಂಡು. ಕೈಗೆ ಸುತ್ತಿದ್ದ ಪಂಚೆ ಬಿಚ್ಚಿದವಳು ನಾನೇ. ಹೆಬ್ಬೆರಳು ಬಿಟ್ಟು ಏನೂ ಇಲ್ಲ. ದಿನಾ ಬೆಳಿಗ್ಗೆ ಆ ಗಾಯ ತೊಳೆಯುತ್ತೇನೆ. ತೊಳೆಯುವಾಗ ಅವನು ಹಲ್ಲು ಕಚ್ಚಿ ನನ್ನ ಸೊಟ್ಟ ಮಣಿಕಟ್ಟನ್ನೇ ನೋಡುತ್ತಾನೆ. ಒಂದು ದಿನ ಕೇಳಿದ, "ಇದೂ ಮಾವಂದೇ ಕೆಲ್ಸನಾ?" ಹೂಂ ಎಂದೆ. "ನಿಂದು ಮುರಿದ, ನಂದು ಕಡಿದ. ಲೆಕ್ಕ ನಂದೇ ಜಾಸ್ತಿ" ಎಂದ. ನಾನು ಪಟ್ಟಿ ಸುತ್ತಿದೆ.

ಪೊಲೀಸರು ಬಂದು ಕೇಳಿದಾಗ ಎಳನೀರು ಕೊಚ್ಚುವಾಗ ಮಚ್ಚು ಜಾರಿತು ಎಂದ. "ಬಲಗೈ ಬೆರಳನ್ನ ಬಲಗೈಯಾಗೇ ಕೊಚ್ಕಂಡ್ಯೇನಲೇ?" ಎಂದರು. "ನಾನು ಎಡಚ ಸಾರ್" ಎಂದ. ನಿನ್ನ ಮೇಲಿನ ಕರುಣೆಯಿಂದಲ್ಲ. ಅವರು ಹೋದ ಮೇಲೆ ನನಗೇ ಹೇಳಿದ: "ಪೊಲೀಸ್ರಿಗೆ ಕೊಟ್ರೆ ನಂಗೇನು ಉಳೀತೈತೆ?"

ಮಾವನಿಗೆ ಎಲ್ಲವನ್ನೂ ಹೇಳಿದೆ. ನಿನ್ನ ಕಾಯಿಲೆ, ಡಾಕ್ಟರ ಮಾತು, ಏಕಾಂತಮ್ಮನ ಒಗ್ಗರಣೆ ಸಮೇತ. ಜಗುಲಿಯ ಮೇಲೆ ತಲೆ ಹಿಡಿದುಕೊಂಡು ಕೂತರು. "ಒಂದು ಮಾತು ಬಾಯಿಬಿಟ್ಟಿದ್ರೆ ನಾನೂ ಅವತ್ತು ಸೋರೆಕಾಯೇ ಉಣ್ತಿದ್ದೆ ಕಣವ್ವ" ಎಂದರು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ನಿನಗೆ ಕತ್ತಿ ದೊಡ್ಡದಾಯಿತು. ಥೂ ನಿನ್ನ ಕತ್ತಿಗೆ. ನಾನು ರಾತ್ರಿ ಹಗಲು ಕಾಯಿಲೆಯವರ ಉಚ್ಚೆ ಬಾಚಿ ಒಂದೊಂದು ಜೀವ ಉಳಿಸುತ್ತೇನೆ, ನೀನು ಒಂದು ಬೀಸಿಗೆ ಒಬ್ಬನ ಬದುಕನ್ನೇ ತೆಗೆಯುತ್ತೀಯ.

ಉಪ್ಪು ಮುಟ್ಟಬೇಡ. ಸತ್ತು ತಪ್ಪಿಸಿಕೊಳ್ಳಲು ನಿನ್ನನ್ನು ಬಿಡುವುದಿಲ್ಲ.

ನಾಗಕ್ಕ


ಬಾಗೂರು ಹಟ್ಟಿ
20-8-1974

ನಾಗಿ,

ನಾಲ್ಕು ತಿಂಗಳು ಬರೆಯಲಿಲ್ಲ. ರೋಗವನ್ನು ಮಾರಣ್ಣನಿಗೆ ಹೇಳಿದೆಯಲ್ಲ, ಆ ಸಿಟ್ಟು. ಸುದ್ದಿ ಹಟ್ಟಿಗೆ ಬಂತು. ಹಿರಿಯರು ಮನೆಗೇ ಬಂದು ಕತ್ತಿ ತೆಗೆದುಕೊಂಡು ಹೋದರು. ಕತ್ತಿ ತೂಗುತ್ತಿದ್ದ ಗೂಟಕ್ಕೆ ನಿನ್ನ ಅವ್ವ ಪಡವಲಕಾಯಿ ತೂಗುಹಾಕಿದಳು. ಅವಳಿಗೂ ಈಗ ಭಯವಿಲ್ಲ.

ಏನೇನು ನಡೆಯಿತು ಎಂದು ಕೇಳಿದರೆ ನಿನಗೆ ನಿದ್ದೆ ಬರುವುದಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಹೋಗಿ ನೋಡಿದರೆ ರೊಪ್ಪದಲ್ಲಿ ಹನ್ನೊಂದು ಕುರಿಗಳು ಎದ್ದು ನಿಲ್ಲಲಾರದೆ ಒದ್ದಾಡುತ್ತಿದ್ದವು. ಮಾರಣ್ಣನ ಕಡೆಯವರು ಹಿಂಗಾಲಿನ ನರ ಕೊಯ್ದಿದ್ದರು. ಕುತ್ತಿಗೆ ಕೊಯ್ದು ಹನ್ನೊಂದನ್ನೂ ನಾನೇ ಬಿಡುಗಡೆ ಮಾಡಬೇಕಾಯಿತು. ಕಾವಲು ನಾಯಿಯನ್ನು ಬೇಲಿಗೆ ನೇಣು ಹಾಕಿದ್ದರು. ನಾನು ನಮ್ಮ ಹುಡುಗರನ್ನು ಕಟ್ಟಿಕೊಂಡು ಹಿರಿಯೂರಿಗೆ ಹೋಗಿ ಅವರ ತೆಂಗಿನ ನಾರಿನ ರಾಶಿಗೆ ಬೆಂಕಿ ಇಟ್ಟೆ. ಅಡ್ಡ ಬಂದ ಮಾರಣ್ಣನ ತಮ್ಮನ ತೋಳು ಮುರಿದೆ. ಅವರು ನಮ್ಮವನೊಬ್ಬನ ಕಣ್ಣು ತೆಗೆದರು. ಈಗ ಎರಡೂ ಕಡೆಯವರು ಕೊಡಲಿ ಇಲ್ಲದೆ ಹೊಲಕ್ಕೆ ಹೋಗುವುದಿಲ್ಲ, ಹೆಂಗಸರು ಜೊತೆಯಿಲ್ಲದೆ ನೀರಿಗೆ ಹೋಗುವುದಿಲ್ಲ.

ಇಷ್ಟೆಲ್ಲದರ ನಡುವೆ ನಿನ್ನ ಅವ್ವ ತರಕಾರಿ ನೀರನ್ನು ಎರಡು ಸಲ ಚೆಲ್ಲುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಬೆಂಕಿ ಇಟ್ಟು ಬಂದ ದಿನವೂ ಮುಂದೆ ಸೋರೆಕಾಯಿ ಇತ್ತು. ಏಪ್ರಿಲ್‌ನಿಂದ ಬಾಡು ಮುಟ್ಟಿಲ್ಲ, ಉಪ್ಪು ಮುಟ್ಟಿಲ್ಲ. ಕಾಲಿನ ಊತ ಇಳಿದಿದೆ. ಬೆಳಗಿನ ವಾಂತಿ ನಿಂತಿದೆ. ಜೀವಮಾನವೆಲ್ಲ ಕುರಿ ತಿಂದವನು ಈಗ ಕುರಿ ತಿನ್ನುವುದನ್ನು ತಿನ್ನುತ್ತಿದ್ದೇನೆ. ಬದುಕಬೇಕು ಅನ್ನಿಸುತ್ತಿದೆ, ನಾಗಿ. ಈ ವಯಸ್ಸಿನಲ್ಲಿ ನಾಚಿಕೆಯಾಗುತ್ತದೆ.

ಕೊನೆಗೆ ಎರಡೂ ಕಡೆಯ ಹಿರಿಯರು ರಾಜಿಗೆ ಕೂತರು. ಮುಂದಿನ ತಿಂಗಳು ಐದನೇ ತಾರೀಖು ಗುರುವಾರ, ನಮ್ಮ ಹಟ್ಟಿಯ ಗುಡಿಯ ಮುಂದೆ. ರಾಜಿಯಲ್ಲಿ ತಪ್ಪು ಮಾಡಿದವನು ಗಾಯಗೊಂಡವರ ಕೈಯಿಂದ ಬಾಡು ಉಣ್ಣುವುದು ಪದ್ಧತಿ. ಮಾರಣ್ಣನೇ ಎದ್ದು, "ನಮ್ಮ ಬಾವನಿಗೆ ಬಾಡು ಆಗಲ್ಲ. ನಮ್ಮ ಐದು ಮನೆಯಿಂದ ಐದು ಎಳನೀರು ತರ್ತೀವಿ, ಅದನ್ನ ಕುಡಿಲಿ. ಮೈಗೂ ತಂಪು" ಎಂದನಂತೆ. ಅಷ್ಟು ಕಳೆದುಕೊಂಡವನ ಬಾಯಲ್ಲಿ ಈ ಮಾತು. ಕೇಳಿ ನನ್ನ ಕಣ್ಣಲ್ಲಿ ನೀರು ಬಂತು.

ಐದೂ ಕುಡಿದು, ಬುರುಡೆ ಬೋರಲು ಹಾಕಿದರೆ ಹಗೆ ಮುಗಿದ ಹಾಗೆ. ಎಳನೀರು ಆಗುತ್ತದೆ ತಾನೆ? ಅದೂ ಸೋರೆಕಾಯಿಯ ಹಾಗೆ ಗಿಡಮರದ್ದೇ.

ಅಪ್ಪ


ಚಿತ್ರದುರ್ಗ
26-8-1974

ಅಪ್ಪಾ,

ಬೇಡ. ಬೇಡ. ಬೇಡ. ಒಂದು ಗುಟುಕೂ ಬೇಡ.

ಇದನ್ನು ಜನವರಿಯಲ್ಲೇ ಬರೆಯಬೇಕಿತ್ತು. ತಪ್ಪು ನನ್ನದು. ನಮ್ಮ ಬಾಗೂರಿನ ಬಯಲಲ್ಲಿ ಎಳನೀರು ಯಾರು ಕುಡಿಯುತ್ತಾರೆ ಎಂದುಕೊಂಡು ಬರೆಯದೆ ಬಿಟ್ಟೆ. ಎಳನೀರಿನಲ್ಲಿ ಪೊಟ್ಯಾಸಿಯಂ ಎಂಬ ಇನ್ನೊಂದು ಬಗೆಯ ಉಪ್ಪು ಇದೆ. ನಾಲಿಗೆಗೆ ಸಿಹಿ, ನಿನ್ನ ರಕ್ತಕ್ಕೆ ವಿಷ. ಅವ್ವ ತರಕಾರಿಯ ನೀರನ್ನು ಎರಡು ಸಲ ಚೆಲ್ಲುವುದು ಅದನ್ನು ತೆಗೆಯುವುದಕ್ಕೇ. ಗಟ್ಟಿಮುಟ್ಟಾದವನಿಗೆ ಎಳನೀರು ಅಮೃತ, ಅವನ ಮೂತ್ರಪಿಂಡ ಹೆಚ್ಚಾದದ್ದನ್ನು ಹೊರಗೆ ಹಾಕುತ್ತದೆ. ನಿನ್ನದು ಹಾಕುವುದಿಲ್ಲ. ಐದು ಕುಡಿದರೆ ಕೈಕಾಲು ಸೋತು, ಹೃದಯ ತಾಳ ತಪ್ಪಿ ನಿಂತುಹೋಗುತ್ತದೆ. ಡಾಕ್ಟರನ್ನೂ ಕೇಳಿಯೇ ಬರೆಯುತ್ತಿದ್ದೇನೆ.

ಗಿಡಮರದ್ದೆಲ್ಲ ಒಳ್ಳೆಯದಲ್ಲ ಅಪ್ಪಾ. ಹೋದ ಸಲ ಬಾಯಿ ಮುಚ್ಚಿಕೊಂಡು ನಾಲ್ಕು ಬೆರಳು ಹೋದವು. ಈ ಸಲವಾದರೂ ಬಾಯಿಬಿಟ್ಟು ಹೇಳು. ಅವರ ಕೈಯಿಂದ ಒಂದು ಹಿಡಿ ಅನ್ನ ತಿನ್ನುತ್ತೇನೆ ಎನ್ನು, ಮಾವ ಒಪ್ಪುತ್ತಾರೆ. ನೀನು ಹೇಳದಿದ್ದರೆ ನಾನು ಹೇಳುತ್ತೇನೆ. ರಜೆ ಸಿಕ್ಕಿದೆ. ಗುರುವಾರ ಮೊದಲ ಬಸ್ಸಿಗೆ ಹೊಸದುರ್ಗಕ್ಕೆ ಬಂದು ಅಲ್ಲಿಂದ ಬಾಗೂರಿಗೆ ಬರುತ್ತೇನೆ. ನಾನು ಬಂದು ನಿಲ್ಲುವವರೆಗೆ ಬಾಯಿಗೆ ಏನೂ ಹಾಕಬೇಡ.

ಮೂರೂವರೆ ವರ್ಷದ ಮೇಲೆ ಮನೆಗೆ ಬರುತ್ತಿದ್ದೇನೆ. ನನಗೂ ಸೋರೆಕಾಯಿ ಇಟ್ಟಿರಲು ಅವ್ವನಿಗೆ ಹೇಳು.

ನಿನ್ನ ಮಗಳು
ನಾಗಿ


ಬಾಗೂರು ಹಟ್ಟಿ
4-9-1974, ಬುಧವಾರ ಮಧ್ಯಾಹ್ನ

ನಾಗೀ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ನೀನು ಬಂದಾಗ ನಿನ್ನ ಅವ್ವ ಕೊಡುತ್ತಾಳೆ. ಕೊಡಲಿಗಳ ನಡುವೆ ನೀನು ಬಂದು ನಿಲ್ಲುವುದು ಬೇಡ, ಹೇಳುವುದನ್ನು ನಾನೇ ಹೇಳಬೇಕು ಎಂದೇ ರಾಜಿಯನ್ನು ಒಂದು ದಿನ ಮುಂಚೆ, ಇವತ್ತು ಬೆಳಿಗ್ಗೆಗೇ ಇಟ್ಟುಕೊಳ್ಳಾಣ ಎಂದು ಹೇಳಿಕಳಿಸಿದೆ. ಬೈಯಬೇಡ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಹೇಳಬೇಕೆಂದೇ ಹೋಗಿದ್ದೆ. ಗುಡಿಯ ಮುಂದೆ ಆ ಕಡೆ ಹದಿನೆಂಟು ಜನ, ಈ ಕಡೆ ಇಪ್ಪತ್ತು ಜನ, ಎಲ್ಲರ ಕಂಬಳಿಯೊಳಗೂ ಕೊಡಲಿ. ಗೊಲ್ಲಪ್ಪ ಐದು ಎಳನೀರನ್ನು ನನ್ನ ಮುಂದೆ ಇಟ್ಟು ಮಚ್ಚು ತೆಗೆದ. ಎಡಗೈಯಲ್ಲಿ ಕೊಚ್ಚತೊಡಗಿದ. ಬುರುಡೆಯನ್ನು ಬಲಗೈಯ ಹೆಬ್ಬೆರಳು ಮತ್ತು ಮೊಂಡು ಅಂಗೈಯಲ್ಲಿ ಒತ್ತಿ ಹಿಡಿದಿದ್ದ. ಎರಡು ಸಲ ಜಾರಿತು. ಯಾರನ್ನೂ ಹತ್ತಿರ ಬರಗೊಡಲಿಲ್ಲ. ಬೆವರಿಳಿಸಿಕೊಂಡು ಕೊಚ್ಚಿ ನನ್ನ ಮುಂದೆ ಹಿಡಿದು, "ತಗೋ ಮಾವ. ಇದನ್ನೂ ಒಲ್ಲೆ ಅನ್ನಬ್ಯಾಡ" ಎಂದ.

ಹೇಳಲು ಬಾಯಿ ತೆರೆದವನು ತಡೆದುಕೊಂಡೆ. ಮಾರಣ್ಣ ನಂಬುತ್ತಿದ್ದ, ಅದು ನನಗೆ ಗೊತ್ತು. ಅವನ ಹಿಂದೆ ನಿಂತಿದ್ದವರು ನಂಬುತ್ತಿರಲಿಲ್ಲ. ಮೊದಲು ರೋಗ ಮುಚ್ಚಿಟ್ಟು ಒಲ್ಲೆ ಎಂದವನು, ಈಗ ರೋಗ ಹೇಳಿ ಒಲ್ಲೆ ಎಂದರೆ ಯಾರು ಕೇಳುತ್ತಾರೆ? ಆ ಕೈ ನೋಡಿದೆ. ನಿನ್ನ ಕೈ ನೆನಪಾಯಿತು. ಎರಡೂ ನಾನೇ ಮಾಡಿದ್ದು. ಒಬ್ಬಳು ನನ್ನ ಬಾಯಿಗೆ ಊಟ ಹೇಳಿಕೊಟ್ಟಳು, ಒಬ್ಬ ನನ್ನ ಬಾಯಿಗೆ ಎಳನೀರು ಹಿಡಿದಿದ್ದಾನೆ.

ಐದೂ ಕುಡಿದೆ. ಎಷ್ಟು ಸಿಹಿಯಿತ್ತು. ಐದನೇ ಬುರುಡೆ ಬೋರಲು ಹಾಕಿದಾಗ ಕಂಬಳಿಗಳಿಂದ ಕೊಡಲಿಗಳು ಹೊರಬಂದು ಗುಡಿಯ ಮುಂದೆ ಬಿದ್ದವು. ಮೂವತ್ತೆಂಟು ಕೊಡಲಿ, ನಾಗಿ. ಮಾರಣ್ಣ ನನ್ನ ಮುರಿದ ಹೆಗಲನ್ನು ಹಿಡಿದು ಅತ್ತ.

ತುಟಿ ಜುಮ್ಮೆನ್ನುತ್ತಿದೆ. ಕಾಲು ಭಾರವಾಗಿದೆ. ನೀನು ಹೇಳಿದ್ದು ಸರಿಯಾಗಿಯೇ ಇದೆ. ಗೊಲ್ಲಪ್ಪನಿಗೆ ಮಾತ್ರ ಯಾವತ್ತೂ ಹೇಳಬೇಡ. ಅವನ ಕಡೆಯವರಿಗೂ, ನಮ್ಮ ಕಡೆಯವರಿಗೂ ಬೇಡ. ಗೊತ್ತಾದರೆ ಆ ಕೊಡಲಿಗಳು ಮತ್ತೆ ಎದ್ದುಬಿಡುತ್ತವೆ. ನಿನ್ನ ಅವ್ವನಿಗೆ ಗೊತ್ತು.

ಇವತ್ತು ಪಡವಲಕಾಯಿ ಮಾಡಿದ್ದಳು. ಒಗ್ಗರಣೆ ಕಪ್ಪಗೆ ಮಾಡಿ ನಿಂಬೆ ಹಿಂಡಿದ್ದಳು. ಚೆನ್ನಾಗಿದೆ ಎಂದು ಇವತ್ತು ಮೊದಲ ಸಲ ಅವಳಿಗೆ ಹೇಳಿದೆ.

ಅಪ್ಪ


ಹಿರಿಯೂರು
3-10-1974

ನಾಗಕ್ಕನಿಗೆ ಗೊಲ್ಲಪ್ಪ ಬರೆಯುವುದು,

ಎಡಗೈಯ ಅಕ್ಷರ, ಹೊಂದಿಸಿಕೊಂಡು ಓದು.

ಮಾವನ ಮಣ್ಣಿಗೆ ನಾನೂ ಹೆಗಲು ಕೊಟ್ಟೆ, ನೀನು ನೋಡಿದೆ. ರಾಜಿಯಾದ ದಿನವೇ ಸಂಜೆ ಹೋಗಿಬಿಟ್ಟರು, ಹಗೆ ತೀರಿಸಿಕೊಂಡು ಹೋದ ಪುಣ್ಯವಂತ ಎಂದು ಎಲ್ಲರೂ ಅಂದರು. ನಾನೂ ಹಾಗೇ ಅಂದುಕೊಂಡೆ. ರಸ್ತೆ ಬದಿ ಬಸ್ಸುಗಳು ನಿಲ್ಲುವ ಕಡೆ ಎಳನೀರು ಅಂಗಡಿ ಹಾಕಿದೆ. ಒಂದು ಕೈಯವನಿಗೆ ಇನ್ನೇನು ಕೆಲಸ ಸಿಗುತ್ತದೆ?

ಹೋದ ವಾರ ಬಸ್ಸಿಳಿದ ಒಬ್ಬ ಕಾಂಪೌಂಡರು, ತನ್ನ ಜೊತೆಯ ಮುದುಕನಿಗೆ ನಾನು ಕೊಚ್ಚಿಕೊಟ್ಟದ್ದನ್ನು ಕಿತ್ತು ಚೆಲ್ಲಿದ. "ಮೂತ್ರಪಿಂಡದ ಕಾಯಿಲೆ ಇರೋರಿಗೆ ಇದು ವಿಷ ಕಣಯ್ಯಾ" ಎಂದ. ಅವತ್ತಿನಿಂದ ಮಚ್ಚು ಮುಟ್ಟಿಲ್ಲ. ಕಾಯಿಗಳು ಒಣಗುತ್ತಿವೆ.

ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ಮಾರ್ಚಿಯಿಂದ ಆ ಬುಧವಾರದವರೆಗೆ ನಿನ್ನ ಅಪ್ಪನನ್ನು ಕೊಲ್ಲಬೇಕೆಂದೇ ಎಡಗೈಯಲ್ಲಿ ಮಚ್ಚು ಬೀಸುವುದನ್ನು ಕಲಿತೆ. ಎಳನೀರು ಕೊಚ್ಚುವುದಕ್ಕೆ ಕಲಿತದ್ದಲ್ಲ. ಅವರು ಐದನೆಯದನ್ನು ಕುಡಿಯುವಾಗ ನನ್ನ ಎದೆಯೊಳಗಿನ ಬೆಂಕಿ ಆರಿತು, ಅದೂ ನಿಜ. ಕೊಲ್ಲುವುದು ಬೇಡ ಎಂದುಕೊಂಡವನು ಕೊನೆಗೆ ಅದೇ ಮಚ್ಚಿನಲ್ಲೇ ಕೊಂದೆನಾ? ನೀನು ದಾದಿ, ನಿನಗೆ ಗೊತ್ತಿರುತ್ತದೆ. ಹೂಂ ಎಂದರೆ ಎರಡೂ ಹಟ್ಟಿಯ ಮುಂದೆ ನಿಂತು ಹೇಳುತ್ತೇನೆ, ಏನು ಬೇಕಾದರೂ ಮಾಡಿಕೊಳ್ಳಲಿ. ನಿಜ ಹೇಳು.

ಗೊಲ್ಲಪ್ಪ


ಚಿತ್ರದುರ್ಗ
12-10-1974

ಗೊಲ್ಲಪ್ಪ ಬಾವನಿಗೆ,

ನಿನ್ನ ಎಡಗೈಯ ಅಕ್ಷರ ನನ್ನ ಬಲಗೈಯದಕ್ಕಿಂತ ನೆಟ್ಟಗಿದೆ.

ಆ ಕಾಂಪೌಂಡರು ಹೇಳಿದ್ದು ಸುಳ್ಳಲ್ಲ. ಕಾಲೂದಿದವರು, ಮುಖ ಊದಿದವರು ಬಂದರೆ ಎಳನೀರು ಕೊಡಬೇಡ, ಮೊದಲು ಡಾಕ್ಟರಿಗೆ ತೋರಿಸಿ ಎನ್ನು. ಆದರೆ ನಮ್ಮ ಅಪ್ಪನ ವಿಷಯ ಬೇರೆ. ಹೇಳಲು ನಾಚಿಕೆಯಾಗುತ್ತದೆ, ಕೇಳಿದ್ದೀಯ ಎಂದು ಹೇಳುತ್ತೇನೆ. ರಾಜಿಯ ಹಿಂದಿನ ದಿನ ಅಪ್ಪ ಕದ್ದು ಬಾಡು ತಿಂದಿದ್ದ. ಒಂದು ತುಂಡಲ್ಲ, ಹೊಟ್ಟೆ ಬಿರಿಯ, ಉಪ್ಪು ಖಾರ ಹಾಕಿಕೊಂಡು. ಅಷ್ಟು ತಿಂಗಳು ಸೋರೆಕಾಯಿ ತಿಂದ ನಾಲಿಗೆ ತಡೆಯಲಿಲ್ಲ. ಅವನನ್ನು ತೆಗೆದುಕೊಂಡು ಹೋದದ್ದು ಅದು. ಅವ್ವನನ್ನು ಕೇಳಿದರೂ ಇದನ್ನೇ ಹೇಳುತ್ತಾಳೆ. ಹಟ್ಟಿಯಲ್ಲಿ ಯಾರಾದರೂ ಎಳನೀರಿನ ಮಾತೆತ್ತಿದರೆ ನೀನೂ ಇದನ್ನೇ ಹೇಳು. ಕಾಟಲಿಂಗಪ್ಪ ಬಾಯಿಚಪಲಕ್ಕೆ ಸತ್ತ ಎಂದುಕೊಂಡು ನಗಲಿ, ಪರವಾಗಿಲ್ಲ.

ನೀನು ಕೊಚ್ಚಿಕೊಟ್ಟದ್ದು ಅವನು ಕೊನೆಯದಾಗಿ ಕುಡಿದ ಸಿಹಿ. ಎಷ್ಟು ಸಿಹಿಯಿತ್ತು ಎಂದು ನನಗೆ ಬರೆದಿಟ್ಟು ಹೋಗಿದ್ದಾನೆ.

ಅಂಗಡಿ ತೆರೆ. ಸೋಮವಾರ ಅವ್ವನನ್ನು ಕರೆದುಕೊಂಡು ಹಿರಿಯೂರಿನ ಮೇಲೆ ಬರುತ್ತೇನೆ, ಬಸ್ಸು ಅಲ್ಲಿ ಹತ್ತು ನಿಮಿಷ ನಿಲ್ಲುತ್ತದಂತೆ. ನನಗೂ ಒಂದು ಕೊಚ್ಚಿಕೊಡು. ನಿಂತುಕೊಂಡೇ ಕುಡಿಯುತ್ತೇನೆ.

ಸೊಟ್ಟ ಕೈಯ
ನಾಗಕ್ಕ